ಮನೆ ಕಂದಾಯದ ನೋಟಿಸಿನವರ ಸನ್ನಿಧಾನಕ್ಕೆ

ಮಹಾರಾಜಶ್ರೀ ಮನೆ ಕಂದಾಯದ ನೋಟಿಸಿನವರಿಗೆ,

ಮಲೆನಾಡಿನ ಮನೆಯೊಂದರ ಯಜಮಾನ ಮಾಡುವ ಅನಂತಾನಂತ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮ ಕೇಳಬೇಕಾದ್ದಿಲ್ಲ. ವರ್ಷದಿಂದ ವರ್ಷಕ್ಕೆ ತಾವು ಮೈ ತುಂಬಿಕೊಂಡು ಬರುತ್ತಿರುವುದನ್ನು ಕಣ್ಣಾರೆ ಕಾಣುತ್ತಿದ್ದೇವೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರರಲ್ಲೊಂದು ಊರಿನವನು ನಾನು. ಯಾವುದೆಂದು ಬರೆಯುವುದಿಲ್ಲ, ಯಾವ ಕಚೇರಿಯ ಮೇಲೂ ಬೆರಳು ತೋರಿಸುವುದಿಲ್ಲ. ಮೂರೂ ಪಟ್ಟಣ ಪಂಚಾಯಿತಿಯ ಊರುಗಳು. 2011ರ ಜನಗಣತಿಯಲ್ಲಿ ಒಂದರ ಜನಸಂಖ್ಯೆಯೂ ಹತ್ತು ಸಾವಿರ ಮುಟ್ಟಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಇಂಥವರ ಮನೆ ಎಂದರೆ ಯಾರಾದರೂ ದಾರಿ ತೋರಿಸುವಷ್ಟು ಪುಟ್ಟ ಊರುಗಳು. ಇಂಥಲ್ಲಿಯೂ ತಮಗೆ ನಮ್ಮ ಮನೆಯ ಪರಿಚಯ ಸರಿಯಾಗಿ ಆಗಿಲ್ಲವಲ್ಲ ಎಂಬ ಕೊರಗಿನಿಂದ ಈ ಪತ್ರ.

ಮೊದಲಿಗೆ ತಮ್ಮ ಉಪಕಾರವನ್ನು ನೆನೆಯುತ್ತೇನೆ. ತಾವಿಲ್ಲದಿದ್ದರೆ ನಮ್ಮ ಬೀದಿಗೆ ದೀಪವಿಲ್ಲ, ನಲ್ಲಿಗೆ ನೀರಿಲ್ಲ. ಆರಿದ್ರಾ ಮಳೆ ಧೋ ಎಂದು ಹೊಯ್ಯುವಾಗಲೂ ಕೊಪ್ಪೆ ಹಾಕಿಕೊಂಡು ಚರಂಡಿ ಬಿಡಿಸುವ ಪೌರಕಾರ್ಮಿಕರ ಕೆಲಸವೂ ಊರಿನ ಕಂದಾಯದ ಮೇಲೇ ನಿಂತಿದೆ. ಇದನ್ನು ಬಲ್ಲವನು ಕಂದಾಯ ತಪ್ಪಿಸಲಾರ. ನಾನು ಕಟ್ಟುವುದಿಲ್ಲ ಎನ್ನುತ್ತಿಲ್ಲ. ಇಲ್ಲದ ಮನೆಗೆ ಕಟ್ಟಲಾರೆ, ಇರುವ ಮನೆಗೆ ಕಟ್ಟುತ್ತೇನೆ ಎನ್ನುತ್ತಿದ್ದೇನೆ. ಈ ಪತ್ರದ ಮುಖ್ಯ ಬೇಡಿಕೆ ಇದೊಂದೇ.

ತಾವು ನಮ್ಮ ತಾರಸಿಗೆ ತೋರಿಸಿದ ಗೌರವಕ್ಕೆ ಕೃತಜ್ಞತೆ ಹೇಳಲು ಮಾತು ಸಾಲದು. ಮಳೆ ಬರಲೆಂದೂ, ಬಂದದ್ದು ಸಾಕೆಂದೂ ಕಿಗ್ಗದ ಋಷ್ಯಶೃಂಗೇಶ್ವರನಿಗೆ ಮೊರೆಯಿಡುವ ಸೀಮೆ ನಮ್ಮದು. ಇಲ್ಲಿ ಕಾಂಕ್ರೀಟು ಹಾಕಿದ ನಾಲ್ಕಾರು ಮಳೆಗಾಲಕ್ಕೇ ತಾರಸಿ ಜಿನುಗಲು ಶುರುವಾಗುತ್ತದೆ. ಅದಕ್ಕೇ ಕಬ್ಬಿಣದ ಕಂಬ ನಿಲ್ಲಿಸಿ, ಮೇಲೆ ಶೀಟಿನ ಮಾಡು ಮಾಡಿಸುತ್ತೇವೆ. ಅದಕ್ಕೆ ಗೋಡೆಯಿಲ್ಲ, ಬಾಗಿಲಿಲ್ಲ, ಕಿಟಕಿಯಿಲ್ಲ. ಅಲ್ಲಿ ಬಟ್ಟೆ ಒಣಗುತ್ತದೆ, ಕಟ್ಟಿಗೆ ಒಣಗುತ್ತದೆ, ಮೋಡ ಕವಿದ ದಿನ ಅಡಿಕೆಯೂ ಒಣಗುತ್ತದೆ. ತಾವು ಅದನ್ನು ಮೊದಲನೇ ಮಹಡಿ ಎಂದು ಕರೆದು ಪೂರಾ ಚದರಡಿಗೆ ಕಂದಾಯ ಹಾಕಿದಿರಿ. ಮನೆ ಸೋರದಿರಲೆಂದು ಹೊದಿಸಿದ ತಗಡದು, ಅದಕ್ಕೆ ಇಷ್ಟು ದೊಡ್ಡ ಪದವಿ ಬೇಡ. ದಯಮಾಡಿ ಯಾರನ್ನಾದರೂ ಮೆಟ್ಟಿಲು ಹತ್ತಿ ಬರಲು ಹೇಳಿ. ಹತ್ತಿದವರಿಗೆ ನಾಲ್ಕು ದಿಕ್ಕಿನ ಬಯಲೂ ಕಾಣುತ್ತದೆ.

ಇನ್ನು ತಾವು ನಮ್ಮ ಮನೆಗೆ ದಯಪಾಲಿಸಿದ ಯೌವನದ ವಿಚಾರ. ಮುಂಭಾಗ ಅಜ್ಜನ ಕಾಲದ್ದು. ಜಂಬಿಟ್ಟಿಗೆಯ ಗೋಡೆ, ಮಂಗಳೂರು ಹೆಂಚಿನ ಮಾಡು, ಹಲಗೆ ಹಾಸಿದ ಅಟ್ಟ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸದಿದ್ದರೆ ಜಗಲಿಯ ತುಂಬ ಪಾತ್ರೆ ಇಡಬೇಕು. ಹಿಂದಿನ ಅಡುಗೆಮನೆ, ಬಚ್ಚಲುಮನೆಗಳಿಗೆ ಮಾತ್ರ ನಂತರ ತಾರಸಿ ಹಾಕಿಸಿದ್ದು. ತಮ್ಮ ಕಾಗದದಲ್ಲಿ ಇಡೀ ಮನೆ ಆರ್‌ಸಿಸಿ ಎಂದಿದೆ. ಕಟ್ಟಿದ ವರ್ಷದ ಜಾಗ ಖಾಲಿಯಿದೆ. ಕಾನೂನು ತಮಗಿಂತ ಉದಾರಿ. ಕಟ್ಟಡದ ಬೆಲೆ ಕಟ್ಟುವಾಗ ಸವಕಳಿ ಕಳೆಯಬೇಕೆಂದೂ, ಹಳೆಯ ಮನೆಗೆ ಹೆಚ್ಚು ಕಳೆಯಬೇಕೆಂದೂ ಅದು ಹೇಳುತ್ತದೆ. ವರ್ಷವೇ ಬರೆಯದಿದ್ದರೆ ಸವಕಳಿ ಎಲ್ಲಿಂದ ಕಳೆಯುತ್ತೀರಿ? ಹೆಂಚಿನ ಮನೆಗೂ ಕಾಂಕ್ರೀಟಿನ ಮನೆಗೂ ಒಂದೇ ದರ ಹಾಕಿದರೆ ಹೊಸ ಬಂಗಲೆ ಕಟ್ಟಿದವರಿಗೂ ಅಜ್ಜನ ಮನೆ ಉಳಿಸಿಕೊಂಡವರಿಗೂ ಏನು ವ್ಯತ್ಯಾಸ ಉಳಿಯಿತು?

ತಮ್ಮ ಕಣ್ಣಿಗೆ ನಮ್ಮ ಓಣಿ ಪೇಟೆಬೀದಿಯಾಗಿ ಕಂಡದ್ದು ನಮ್ಮ ಭಾಗ್ಯ. ತಮ್ಮ ಲೆಕ್ಕಕ್ಕೆ ಉಪನೋಂದಣಿ ಕಚೇರಿಯ ಮಾರ್ಗಸೂಚಿ ಬೆಲೆಯೇ ಬುನಾದಿ. 1957ರ ಕರ್ನಾಟಕ ಸ್ಟಾಂಪು ಕಾಯ್ದೆಯ ಪ್ರಕಾರ ಕೇಂದ್ರ ಮೌಲ್ಯಮಾಪನ ಸಮಿತಿಯ ಮೇಲ್ವಿಚಾರಣೆಯಲ್ಲಿ ನಿಗದಿಯಾಗುವ ಬೆಲೆ ಅದು. 2023ರ ಅಕ್ಟೋಬರ್ 1ರಿಂದ ರಾಜ್ಯದಾದ್ಯಂತ ಪರಿಷ್ಕೃತ ಬೆಲೆ ಜಾರಿಗೆ ಬಂತು. ಮುಖ್ಯರಸ್ತೆಯ ಅಂಗಡಿಸಾಲಿಗೆ ಒಂದು ಬೆಲೆ, ಒಳಗಿನ ಕೇರಿಗೆ ಇನ್ನೊಂದು. ನಮ್ಮ ಮನೆಗೆ ಬರಬೇಕಾದರೆ ಮುಖ್ಯರಸ್ತೆಯಿಂದ ಮೆಟ್ಟಿಲಿಳಿದು ಹಳ್ಳದ ಕಡೆಗೆ ನಡೆಯಬೇಕು. ಆಟೋ ಬರುವುದಿಲ್ಲ, ಅಡುಗೆ ಅನಿಲದ ಸಿಲಿಂಡರನ್ನೂ ಹೆಗಲ ಮೇಲೆ ತರಬೇಕು. ಹಿತ್ತಲಿನ ಅರ್ಧ ಭಾಗ ಧರೆ. ಮಳೆ ಜೋರಾದ ರಾತ್ರಿ ಅದು ಜರಿಯುವುದೋ ಎಂದು ಕಿವಿಗೊಟ್ಟು ಮಲಗುತ್ತೇವೆ. ಆ ಧರೆಗೂ ಅಂಗಡಿಸಾಲಿನ ಬೆಲೆ ಕಟ್ಟಿದ ತಮ್ಮ ವಿಶಾಲ ಹೃದಯಕ್ಕೆ ನಮೋ ನಮಃ. ಆ ಬೆಲೆಗೆ ಕೊಳ್ಳುವವರನ್ನೂ ತೋರಿಸಿಕೊಟ್ಟಿದ್ದರೆ ಉಪಕಾರ ಪೂರ್ಣವಾಗುತ್ತಿತ್ತು.

ಪಕ್ಕದ ಮನೆಯ ಅಕ್ಕನ ಪರವಾಗಿಯೂ ಒಂದು ಬಿನ್ನಹ. ಜಗಲಿಯ ಮೂಲೆಯಲ್ಲಿ ಒಂದು ಹೊಲಿಗೆ ಮಿಷನ್ ಇಟ್ಟುಕೊಂಡು ಕೇರಿಯವರ ರವಿಕೆ ಹೊಲಿದು ಬದುಕುವ ಹೆಂಗಸು ಅವರು. ತಾವು ಅವರ ಮನೆಯನ್ನು ವಾಣಿಜ್ಯ ಎಂದು ಬರೆದುಕೊಂಡಿರಿ. ಯಾತ್ರಿಕರಿಗೆ ಕೋಣೆ ಬಾಡಿಗೆಗೆ ಕೊಟ್ಟು ಬೋರ್ಡು ಹಾಕಿಕೊಂಡವರಿಗೆ ಬೇರೆ ದರ ಇರಲಿ, ಅದು ನ್ಯಾಯ. ಒಂದು ಮಿಷನ್ನು ಇಡೀ ಮನೆಯನ್ನು ಅಂಗಡಿ ಮಾಡುತ್ತದೆಯೆ? ಹೆಚ್ಚೆಂದರೆ ಆ ಮೂಲೆಯನ್ನು ಅಳೆಯಿರಿ. ಅವರು ಮಲಗುವ ಕೋಣೆ, ದೇವರ ಗೂಡು, ಒಲೆಯ ಪಕ್ಕದ ಜಾಗ ಇವನ್ನೆಲ್ಲ ವ್ಯಾಪಾರದ ಲೆಕ್ಕಕ್ಕೆ ಸೇರಿಸಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ತಮ್ಮ ಜ್ಞಾಪಕಶಕ್ತಿಯನ್ನು ಹೊಗಳದಿದ್ದರೆ ಅಪಚಾರವಾದೀತು. ನಾವು ಕೊಡಬೇಕಾದದ್ದು ಒಂದು ರೂಪಾಯಿಯೂ ತಮಗೆ ಮರೆತಿಲ್ಲ. ಕೊಟ್ಟದ್ದು ಮಾತ್ರ ಮರೆತಿದೆ. ಕೈಬರಹದ ಡಿಮ್ಯಾಂಡ್ ರಿಜಿಸ್ಟರಿನಿಂದ ಕಂಪ್ಯೂಟರಿಗೆ ಬರುವ ದಾರಿಯಲ್ಲಿ ಕೆಲವು ವರ್ಷಗಳ ಪಾವತಿ ಎಲ್ಲೋ ಬಿದ್ದುಹೋಯಿತು, ಬಾಕಿ ಮಾತ್ರ ಭದ್ರವಾಗಿ ಬಂದು ಸೇರಿತು. ಹಳೆಯ ರಸೀದಿ ತನ್ನಿ ಎಂದು ಅಪ್ಪಣೆಯಾಯಿತು. ನಮ್ಮ ಮಳೆಗಾಲದಲ್ಲಿ ಪೆಟ್ಟಿಗೆಯೊಳಗಿನ ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ. ಆದರೂ ಅಮ್ಮ ಸೀರೆಯ ಮಡಿಕೆಯಲ್ಲಿ ಸುತ್ತಿಟ್ಟಿದ್ದ ರಸೀದಿಗಳನ್ನು ಕೊಟ್ಟೆ. ರಸೀದಿಯ ಪ್ರತಿ ಮನೆಯವರು ಕಾಪಾಡಬೇಕು, ಅದರ ಮೂಲ ಕಚೇರಿಯವರು ಕಾಪಾಡಬೇಕಾಗಿಲ್ಲ ಎಂಬ ನಿಯಮ ಎಲ್ಲಿ ಬರೆದಿದೆ ಎಂದು ದಯವಿಟ್ಟು ತಿಳಿಸಿ.

ಸೆಸ್‌ಗಳ ಬಗ್ಗೆ ನನಗೆ ತಕರಾರಿಲ್ಲ. ಆರೋಗ್ಯಕ್ಕೆ ಶೇ. 15, ಗ್ರಂಥಾಲಯಕ್ಕೆ ಶೇ. 6, ಭಿಕ್ಷುಕರ ಪರಿಹಾರಕ್ಕೆ ಶೇ. 3. ಇದರಲ್ಲಿ ಬೇಡವೆನ್ನುವಂಥದು ಯಾವುದೂ ಇಲ್ಲ. ಆದರೆ ಇವೆಲ್ಲವೂ ಮೂಲ ತೆರಿಗೆಯ ಮೇಲೆ ಕೂರುತ್ತವೆ. ಮೂಲದಲ್ಲಿ ನೂರು ರೂಪಾಯಿ ತಪ್ಪಿದರೆ ಬಿಲ್ಲಿನಲ್ಲಿ ನೂರ ಇಪ್ಪತ್ತನಾಲ್ಕು ತಪ್ಪುತ್ತದೆ. 2005-06ರಿಂದ ಮೂರು ವರ್ಷಕ್ಕೊಮ್ಮೆ ಶೇ. 15ರಷ್ಟು ಏರುವ ಕ್ರಮವಿತ್ತು. ಹಾಗೆ ಮೂರು ಸಲ ಏರಿದ ಮೇಲೆ ಆ ನೂರು ನೂರ ಐವತ್ತೆರಡಾಗುತ್ತದೆ, ಸೆಸ್ ಸೇರಿದರೆ ನೂರ ಎಂಬತ್ತೆಂಟು ದಾಟುತ್ತದೆ. ತಪ್ಪನ್ನು ಮೊದಲ ವರ್ಷವೇ ತಿದ್ದಿದ್ದರೆ ಕಾಗದದ ಒಂದು ಸಾಲಿನಲ್ಲಿ ಮುಗಿಯುತ್ತಿತ್ತು. ಬಿಟ್ಟರೆ ಅದು ಮಕ್ಕಳಿಗೆ ಆಸ್ತಿಯ ಜೊತೆಗೇ ಬಳುವಳಿಯಾಗಿ ಹೋಗುತ್ತದೆ.

ತಕರಾರು ಸಲ್ಲಿಸಿದವರಿಗೆ ತಾವು ಕಲಿಸುವ ತಾಳ್ಮೆಗೆ ನಾವು ಚಿರಋಣಿಗಳು. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿ. ಮೇ, ಜೂನ್ ಕಳೆದು ಜುಲೈ ಹುಟ್ಟಿದರೆ ತಿಂಗಳಿಗೆ ಶೇ. 2 ದಂಡ. ಅಳತೆ ತಪ್ಪಾಗಿದೆ ಎಂದು ಏಪ್ರಿಲ್‌ನಲ್ಲೇ ಅರ್ಜಿ ಕೊಟ್ಟವನಿಗೆ ‘ಮೊದಲು ಕಟ್ಟಿ, ಆಮೇಲೆ ನೋಡೋಣ’ ಎಂಬ ಉತ್ತರ ಬರುತ್ತದೆ. ಕಟ್ಟಿದರೆ ‘ಕಟ್ಟಿದ್ದೀರಲ್ಲ, ಒಪ್ಪಿದ ಹಾಗೆಯೇ’ ಎನ್ನುತ್ತಾರೆ. ಕಟ್ಟದಿದ್ದರೆ ದಂಡ ಬೆಳೆಯುತ್ತದೆ. ಬಾಕಿ ಇದ್ದವರಿಗೆ ಇ-ಖಾತಾ ಸಿಗದು, ಖಾತಾ ಇಲ್ಲದೆ ನೋಂದಣಿಯಿಲ್ಲ, ಬ್ಯಾಂಕಿನ ಸಾಲವಿಲ್ಲ. ಮಗಳ ಓದಿಗೆ ಸಾಲ ಬೇಕಾದವನು ಚದರಡಿಯ ಜಗಳ ಆಡುತ್ತಾ ಕೂರಲಾರ. ತಪ್ಪು ಲೆಕ್ಕಕ್ಕೆ ಹಣ ಕಟ್ಟಿ ಬಾಯಿ ಮುಚ್ಚಿಕೊಳ್ಳುತ್ತಾನೆ. ಅವನ ಮೌನವನ್ನು ತಾವು ಒಪ್ಪಿಗೆ ಎಂದು ದಾಖಲಿಸಿಕೊಳ್ಳುತ್ತೀರಿ.

ತಮ್ಮ ಹುಟ್ಟಿನ ಕಾಲದ ಮಾತನ್ನು ನೆನಪಿಸಲು ಅಪ್ಪಣೆಯಾಗಲಿ. 1964ರ ಕರ್ನಾಟಕ ಪುರಸಭೆಗಳ ಅಧಿನಿಯಮಕ್ಕೆ ತಿದ್ದುಪಡಿ ತಂದು 2002ರಿಂದ ಸ್ವಯಂ ಘೋಷಿತ ಆಸ್ತಿ ತೆರಿಗೆ ಪದ್ಧತಿ ಜಾರಿಯಾಯಿತು. ಮನೆಯವನೇ ತನ್ನ ಮನೆ ಅಳೆದು, ತಾನೇ ಲೆಕ್ಕ ಹಾಕಿ, ತಾನೇ ಘೋಷಿಸಿ ಕಟ್ಟಬೇಕು. ಸರ್ಕಾರ ಪ್ರಜೆಯನ್ನು ನಂಬಿದ ಅಪರೂಪದ ಘಳಿಗೆ ಅದು. ಹಣ ಕಟ್ಟುವಾಗ ಮಾತ್ರ ಆ ನಂಬಿಕೆ ಇದ್ದು, ತಿದ್ದಿ ಎಂದು ಕೇಳಿದಾಗ ಇಲ್ಲವಾದರೆ ಹೇಗೆ? ನನ್ನ ಘೋಷಣೆಯ ಮೇಲೆ ಅನುಮಾನವಿದ್ದರೆ ಟೇಪು ಹಿಡಿದು ಬನ್ನಿ. ಒಂದು ತುದಿ ನಾನೇ ಹಿಡಿಯುತ್ತೇನೆ.

ಈ ಕಷ್ಟ ನಮ್ಮೊಬ್ಬರದೇ ಅಲ್ಲ. ಬೆಂಗಳೂರಿನಲ್ಲಿ 2008ರಿಂದ ಊರನ್ನು ಎ ಇಂದ ಎಫ್ ವರೆಗಿನ ವಲಯಗಳಾಗಿ ಹಂಚಿ ತೆರಿಗೆ ಹಾಕಿದರು. 2016ರಲ್ಲಿ ವಲಯಗಳು ಬದಲಾದವು. ಹಳೆಯ ವಲಯದ ದರದಲ್ಲೇ ಕಟ್ಟುತ್ತಾ ಬಂದ ಸಾವಿರಾರು ಮನೆಯವರಿಗೆ ವರ್ಷಗಳು ಕಳೆದ ಮೇಲೆ ವ್ಯತ್ಯಾಸದ ಹಣ, ದಂಡ, ಬಡ್ಡಿ ಕೂಡಿದ ನೋಟಿಸುಗಳು ಹೋದವು. ಇಂಗ್ಲೆಂಡಿನಲ್ಲಿ ಕೌನ್ಸಿಲ್ ತೆರಿಗೆಗೆ ಮನೆಗಳನ್ನು ಎ ಇಂದ ಎಚ್ ವರೆಗೆ ಎಂಟು ದರ್ಜೆ ಮಾಡಿದ್ದಾರೆ. 1991ರ ಏಪ್ರಿಲ್ 1ರಂದು ಆ ಮನೆ ಎಷ್ಟಕ್ಕೆ ಮಾರಾಟವಾಗುತ್ತಿತ್ತು ಎಂಬುದೇ ಇಂದಿಗೂ ಅಲ್ಲಿನ ಆಧಾರ. ಅದೂ ಕುಂದಿಲ್ಲದ ವ್ಯವಸ್ಥೆಯಲ್ಲ. ಆದರೆ ಯಾವ ಮನೆ ಯಾವ ದರ್ಜೆಯಲ್ಲಿದೆ ಎಂಬ ಪಟ್ಟಿ ಅಲ್ಲಿ ಎಲ್ಲರಿಗೂ ತೆರೆದಿದೆ. ನನ್ನಂಥದೇ ಪಕ್ಕದ ಮನೆ ಕೆಳಗಿನ ದರ್ಜೆಯಲ್ಲಿ ಏಕಿದೆ ಎಂದು ಕೇಳಬಹುದು. ಮೌಲ್ಯಮಾಪನ ಕಚೇರಿ ಒಪ್ಪದಿದ್ದರೆ ಅದಕ್ಕೆ ಅಧೀನವಲ್ಲದ ನ್ಯಾಯಮಂಡಳಿಗೆ ಹೋಗಬಹುದು. ಕೇಳಿದವನ ದರ್ಜೆ ಇಳಿಯುವ ಬದಲು ಏರಲೂಬಹುದು. ಆ ಅಪಾಯಕ್ಕೂ ನಾನು ಸಿದ್ಧ. ನಾನು ಕಡಿಮೆ ಬರೆದಿದ್ದರೆ ಹೆಚ್ಚು ಹಾಕಿ, ಆದರೆ ಏಕೆಂದು ಬರೆದು ಹಾಕಿ.

ಬಿಲ್ ಕಲೆಕ್ಟರರ ಮೇಲೆ ನನಗೆ ಸಿಟ್ಟಿಲ್ಲ. ಮನೆಮನೆ ತಿರುಗಿ, ಎಲ್ಲರ ಬೈಗುಳ ಕೇಳಿ, ಬೇರೆಯವರು ಬರೆದ ಲೆಕ್ಕಕ್ಕೆ ಉತ್ತರ ಹೇಳಬೇಕಾದವರು ಅವರು. ನಮ್ಮ ಮನೆಗೆ ಬಂದಾಗ ಕಾಫಿ ಕುಡಿದೇ ಹೋಗುತ್ತಾರೆ. ‘ಅಣ್ಣಾ, ನನಗೂ ಗೊತ್ತು ಇದು ಮಹಡಿಯಲ್ಲ ಅಂತ. ಸಿಸ್ಟಮ್ಮಿನಲ್ಲಿ ಹಾಗಿದೆ, ನಾನೇನು ಮಾಡಲಿ?’ ಎಂದರು ಪಾಪ. ಕಣ್ಣಿಂದ ಕಂಡವರಿಗೆ ತಿದ್ದುವ ಅಧಿಕಾರವಿಲ್ಲ, ಅಧಿಕಾರ ಇದ್ದವರು ಬಂದು ಕಂಡಿಲ್ಲ.

ತಿದ್ದುವ ಮಾತು ಬಂದದ್ದರಿಂದ ಒಂದು ನೆನಪು. ನಮ್ಮ ಈ ಸೀಮೆಯ ಎಡೆಹಳ್ಳಿಗೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಬಂದ ನೆನಪಿಗೆ 1915ರಲ್ಲಿ ನರಸಿಂಹರಾಜಪುರ ಎಂಬ ಹೆಸರಾಯಿತು. ಕಂಪ್ಯೂಟರು ಇಲ್ಲದ ಆ ಕಾಲದಲ್ಲಿ ಒಂದು ಊರಿನ ಹೆಸರನ್ನೇ ದಾಖಲೆಗಳಲ್ಲಿ ತಿದ್ದಲು ಸಾಧ್ಯವಾಯಿತು. ಇಂದು ಒಂದು ಮನೆಯ ಚದರಡಿ ತಿದ್ದಲು ಆಗದು ಎಂದರೆ ನಂಬಲು ಮನಸ್ಸು ಬಾರದು.

ಆದಕಾರಣ ತಮ್ಮ ಪಾದಾರವಿಂದಗಳಲ್ಲಿ ನಾಲ್ಕು ವಿಜ್ಞಾಪನೆಗಳು. ಮುಂದಿನ ಸಲ ಬರುವಾಗ ಮೊತ್ತವೊಂದನ್ನೇ ತರಬೇಡಿ. ಅಳತೆ, ಮಾಡಿನ ಬಗೆ, ಕಟ್ಟಿದ ವರ್ಷ, ಕಳೆದ ಸವಕಳಿ, ಹಿಡಿದ ಮಾರ್ಗಸೂಚಿ ಬೆಲೆ ಇವನ್ನು ಒಂದೊಂದು ಸಾಲಿನಲ್ಲಿ ಬರೆದು ತನ್ನಿ. ತಕರಾರು ಅರ್ಜಿಗೆ ಗುಂಡನೆಯ ಮೊಹರಷ್ಟೇ ಸಾಲದು, ಸಂಖ್ಯೆಯೂ ಉತ್ತರದ ಗಡುವೂ ಇರಲಿ. ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ಸಕಾಲ ಕಾಯ್ದೆ 2011ರಲ್ಲೇ ಬಂದ ರಾಜ್ಯದಲ್ಲಿ ಇದು ದುರಾಸೆಯಲ್ಲ. ಅರ್ಜಿ ತೀರ್ಮಾನವಾಗುವವರೆಗೆ ವಿವಾದದಲ್ಲಿರುವ ಮೊತ್ತಕ್ಕೆ ದಂಡ ಏರಿಸಬೇಡಿ, ವಿವಾದವಿಲ್ಲದ ಮೊತ್ತವನ್ನು ಏಪ್ರಿಲ್‌ನಲ್ಲೇ ಕಟ್ಟಿಸಿಕೊಳ್ಳಿ. ಕೊನೆಯದಾಗಿ, ಕೇರಿಯ ಎಲ್ಲ ಮನೆಗಳ ಲೆಕ್ಕವನ್ನೂ ಕಚೇರಿಯ ಗೋಡೆಗೆ ಅಂಟಿಸಿ. ಹತ್ತು ಸಾವಿರ ಜನರಿಲ್ಲದ ಊರಿನಲ್ಲಿ ಸುಳ್ಳು ಬರೆದವನನ್ನು ಕಂಡುಹಿಡಿಯಲು ಇನ್ಸ್‌ಪೆಕ್ಟರು ಬೇಕಾಗಿಲ್ಲ, ನೆರೆಯವರೇ ಸಾಕು. ತಮಗೆ ಬರಬೇಕಾದ ಹಣವೂ ಆಗ ತಪ್ಪದೆ ಬರುತ್ತದೆ.

ಇಷ್ಟನ್ನು ನಡೆಸಿಕೊಟ್ಟರೆ ನಮ್ಮಂಥವರು ಸಾಲಿನಲ್ಲಿ ಮೊದಲು ನಿಂತು ಕಟ್ಟುತ್ತೇವೆ. ನಡೆಸಿಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಇಟ್ಟು, ನಮ್ಮ ಮನೆಯನ್ನು ಯಾರು, ಯಾವಾಗ ಅಳೆದರು ಎಂದು ಕೇಳುತ್ತೇವೆ. ಉತ್ತರಕ್ಕೆ ಕಾಯ್ದೆ ಕೊಟ್ಟಿರುವ ಅವಧಿ 30 ದಿನ. ಅಷ್ಟು ದಿನ ತಮಗಾಗಿ ಕಾಯುವ ಭಾಗ್ಯ ನಮ್ಮದಾಗಲಿ. ಉತ್ತರ ಬಾರದಿದ್ದರೆ ಮೇಲ್ಮನವಿಯೊಂದಿಗೆ ಮತ್ತೆ ತಮ್ಮ ಸನ್ನಿಧಾನಕ್ಕೆ ಬರುತ್ತೇವೆ, ಆಗ ಕೇರಿಯವರನ್ನೂ ಕರೆದುಕೊಂಡು.

ಇಂತಿ ತಮ್ಮ ವಿಧೇಯ,
ಒಂದೇ ಅಂತಸ್ತಿನ ಮನೆಯ ಕಂದಾಯದಾರ