ರೆಸ್ಯೂಮ್ ಅಣ್ಣ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಎಂದು ಬೆಂಗಳೂರಿನ ಮೂರು ಅಂಚುಗಳಲ್ಲಿ ಹಬ್ಬಿರುವ ದುಡಿಮೆಯ ಸೀಮೆಗಳಲ್ಲಿ, ಕಟ್ಟಡಕ್ಕೊಬ್ಬನಂತೆ ಕಾಣಸಿಗುವ, ಆದರೆ ಯಾವ ಕಂಪನಿಯ ಹುದ್ದೆಗಳ ಪಟ್ಟಿಯಲ್ಲೂ ಹೆಸರಿಲ್ಲದ ಒಂದು ಮಾನವ ಪ್ರಭೇದವುಂಟು; ಅದನ್ನು ಅಲ್ಲಿನ ಹುಡುಗರು ‘ರೆಸ್ಯೂಮ್ ಅಣ್ಣ’ ಎಂದು ಗುರುತಿಸುತ್ತಾರೆ. ಈತನ ವಯಸ್ಸು ಮೂವತ್ತೆರಡಕ್ಕೂ ಮೂವತ್ತೆಂಟಕ್ಕೂ ನಡುವೆ ಎಲ್ಲೋ ನಿಂತಿರುತ್ತದೆ, ಕೊರಳಿನ ಕಂಪನಿ ಟ್ಯಾಗ್ ರಾತ್ರಿ ಊಟದ ಹೊತ್ತಿಗೂ ಇಳಿದಿರುವುದಿಲ್ಲ, ಮತ್ತು ಕುಂದಲಹಳ್ಳಿಯಲ್ಲೋ ನೀಲಾದ್ರಿ ರಸ್ತೆಯಲ್ಲೋ ದಾಸರಹಳ್ಳಿಯಲ್ಲೋ ಇರುವ ಒಂದು ಪಿ.ಜಿ.ಯಲ್ಲಿ, ಅಂದರೆ ತಿಂಗಳ ಬಾಡಿಗೆಗೆ ಒಂದು ಮಂಚವನ್ನೂ ಎರಡು ಹೊತ್ತಿನ ಅನ್ನವನ್ನೂ ಕೊಟ್ಟು ಅದಕ್ಕೆ ‘ಪೇಯಿಂಗ್ ಗೆಸ್ಟ್’ ಎಂಬ ಮರ್ಯಾದೆಯ ಹೆಸರಿಟ್ಟಿರುವ ವಸತಿಯಲ್ಲಿ, ಆತನೇ ಎಲ್ಲರಿಗಿಂತ ಹಳೆಯ ನಿವಾಸಿಯಾಗಿರುತ್ತಾನೆ. ಅಲ್ಲಿ ಅಡುಗೆಯವರು ಮೂರು ಸಲ ಬದಲಾಗಿದ್ದಾರೆ, ಮಾಲೀಕರೂ ಒಮ್ಮೆ ಬದಲಾಗಿದ್ದಾರೆ, ಅಣ್ಣ ಬದಲಾಗಿಲ್ಲ. ವೃತ್ತಿಯಿಂದ ಆತ ಏನೆಂಬುದು ಸಹವಾಸಿಗಳಿಗೆ ಖಚಿತವಾಗಿ ತಿಳಿಯದು. ಪ್ರವೃತ್ತಿಯಿಂದ ಮಾತ್ರ ಆತ ಇತರರ ರೆಸ್ಯೂಮ್ ತಿದ್ದುವವನು.

ಪರಿಭಾಷೆಯನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳುವುದು ಒಳಿತು. ರೆಸ್ಯೂಮ್ ಎಂಬುದು ಸಾರಾಂಶ ಎಂಬರ್ಥದ ಫ್ರೆಂಚ್ ಪದ, ಸಿ.ವಿ. ಎಂದು ಮೊಟಕಾದ ಕರಿಕ್ಯುಲಮ್ ವೀಟೆ ಬಾಳಿನ ಓಟ ಎಂಬರ್ಥದ ಲ್ಯಾಟಿನ್ ನುಡಿ. ಸ್ವವಿವರ ಎಂಬುದು ಅರ್ಜಿ ನಮೂನೆಗಳ ಕನ್ನಡ. ಬಯೋಡೇಟಾ ಎಂಬುದು ಪೀಣ್ಯದ ಕಾರ್ಖಾನೆ ಗೇಟಿನಲ್ಲಿ ಸೆಕ್ಯುರಿಟಿಯವರು ಕೇಳುವ, ಹಾಗೂ ಹೆಣ್ಣು ನೋಡಲು ಹೊರಡುವ ಮುನ್ನ ಎರಡೂ ಮನೆಯವರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಕೊಳ್ಳುವ ಹಾಳೆ. ಇವೆಲ್ಲವೂ ಒಂದೇ ಎಂದು ತಿಳಿದು ಬಂದ ಹುಡುಗ ಅಣ್ಣನ ಎದುರು ಕೂತ ಮೊದಲ ನಿಮಿಷದಲ್ಲೇ ಬೈಗುಳ ತಿನ್ನುತ್ತಾನೆ, ಏಕೆಂದರೆ ಅಣ್ಣನ ಸಿದ್ಧಾಂತದ ಪ್ರಕಾರ ತಂದೆಯ ಹೆಸರು, ಎತ್ತರ, ‘ಅವಿವಾಹಿತ’, ‘ಸಸ್ಯಾಹಾರಿ’ ಇತ್ಯಾದಿ ವಿವರಗಳು ಮುಂದೆ ಮಾವನಾಗುವವನಿಗೆ ಬೇಕಾದವೇ ಹೊರತು ಮ್ಯಾನೇಜರಿಗಲ್ಲ. ಮ್ಯಾನೇಜರಿಗೆ ಬೇಕಾದದ್ದು ಏನು ಕೆಲಸ, ಎಷ್ಟು ಕೆಲಸ, ಅದರಿಂದ ಏನಾಯಿತು ಎಂಬ ಮೂರೇ ಸಂಗತಿ. ಇಷ್ಟು ವಿವೇಚನೆಯುಳ್ಳ ಅಣ್ಣನ ಸ್ವಂತ ಮದುವೆಯ ಬಯೋಡೇಟಾವನ್ನು ಮಾತ್ರ ಊರಿನಲ್ಲಿ ಅವನ ತಾಯಿ ಬರೆಸಿದ್ದಾರೆ, ಮತ್ತು ಅದರಲ್ಲಿ ಅವನಿಗೆ ಐದಾರು ವರ್ಷದಿಂದ ಇಪ್ಪತ್ತೊಂಬತ್ತೇ ನಡೆಯುತ್ತಿದೆ.

ಈ ಪ್ರಭೇದಕ್ಕೆ ನೆಲ ಹದವಾಗಲು ಕಾಲ ಹಿಡಿಯಿತು. 1976ರಲ್ಲಿ ಸ್ಥಾಪನೆಯಾದ ಕಿಯೋನಿಕ್ಸ್ ಸಂಸ್ಥೆಯ ಮೂಲಕ ಆರ್.ಕೆ. ಬಾಳಿಗ ಅವರು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ ಮುನ್ನೂರಕ್ಕೂ ಹೆಚ್ಚು ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಯೋಜಿಸಿದಾಗ, ಅದೇ ದಶಕದಲ್ಲಿ ತುಮಕೂರು ರಸ್ತೆಯ ಬದಿಯ ಪೀಣ್ಯದಲ್ಲಿ ಲೇಥ್ ಯಂತ್ರಗಳು ತಿರುಗತೊಡಗಿದಾಗ, ಕೆಲಸ ಹುಡುಕುವವನು ಬಾಂಡ್ ಕಾಗದದ ಮೇಲೆ ಬಯೋಡೇಟಾ ಟೈಪ್ ಮಾಡಿಸಿ, ಪತ್ರಿಕೆಯ ಬಾಕ್ಸ್ ನಂಬರಿಗೆ ಅಂಚೆಯಲ್ಲಿ ಕಳಿಸಿ, ಪೋಸ್ಟ್‌ಮ್ಯಾನ್ ದಾರಿ ಕಾಯುತ್ತಿದ್ದ. ಒಮ್ಮೆ ಟೈಪಾದದ್ದನ್ನು ತಿದ್ದುವುದು ಖರ್ಚಿನ ಬಾಬತ್ತಾದ್ದರಿಂದ ಆ ಕಾಲದಲ್ಲಿ ತಿದ್ದುವ ಅಣ್ಣನಿಗೆ ಅವಕಾಶವಿರಲಿಲ್ಲ. 1882ರಲ್ಲಿ ಮೈಸೂರು ಮಹಾರಾಜರು ಕೊಟ್ಟ ಜಮೀನಿನಲ್ಲಿ ಆಂಗ್ಲೋ-ಇಂಡಿಯನ್ನರ ಬೇಸಾಯದ ವಸಾಹತಾಗಿ ಹುಟ್ಟಿದ ವೈಟ್‌ಫೀಲ್ಡ್‌ಗೆ ತೊಂಬತ್ತರ ದಶಕದಲ್ಲಿ ಐ.ಟಿ.ಪಿ.ಎಲ್. ಬಂದು, 1997ರಲ್ಲಿ ನೌಕರಿ ಡಾಟ್ ಕಾಮ್ ಶುರುವಾಗಿ, ರೆಸ್ಯೂಮ್ ಎಂಬುದು ಎಷ್ಟು ಸಲ ಬೇಕಾದರೂ ಅಳಿಸಿ ಬರೆಯಬಹುದಾದ ಕಡತವಾದ ಮೇಲೆಯೇ ಅಣ್ಣನ ಯುಗ ಆರಂಭವಾದದ್ದು.

ಅಣ್ಣನ ವಿದ್ಯೆ ಮಾತ್ರ ಯುಗಕ್ಕಿಂತ ಪುರಾತನ. 1482ರ ಸುಮಾರಿನಲ್ಲಿ ಲಿಯೊನಾರ್ಡೊ ಡ ವಿಂಚಿ ಮಿಲಾನಿನ ದೊರೆ ಲುಡೊವಿಕೊ ಸ್ಫೋರ್ಜಾನಿಗೆ ಬರೆದ ಅರ್ಜಿಯಲ್ಲಿ ಸಾಗಿಸಬಲ್ಲ ಸೇತುವೆ, ಫಿರಂಗಿ, ಸುರಂಗ ಎಂದು ಯುದ್ಧೋಪಯೋಗಿ ಕೌಶಲಗಳನ್ನೇ ಸಾಲಾಗಿ ಹೇಳಿ, ಚಿತ್ರ ಬರೆಯಲೂ ಬರುತ್ತದೆ ಎಂಬುದನ್ನು ಕೊನೆಯಲ್ಲಿ ಸೇರಿಸಿದ. ದೊರೆಗೆ ಏನು ಬೇಕೋ ಅದು ಮೇಲೆ, ತನಗೆ ಏನು ಇಷ್ಟವೋ ಅದು ಕೆಳಗೆ ಎಂಬ ಈ ಕ್ರಮವನ್ನೇ ಇಂದಿನ ಅಣ್ಣಂದಿರು ‘ಜೆ.ಡಿ.ಗೆ ತಕ್ಕಂಗೆ ತಿರುಗಿಸು’ ಎಂದು ಬೋಧಿಸುತ್ತಾರೆ. ಜೆ.ಡಿ. ಎಂದರೆ ಜಾಬ್ ಡಿಸ್ಕ್ರಿಪ್ಷನ್, ಅಂದರೆ ಹುದ್ದೆಗೆ ಎಂಥವರು ಬೇಕೆಂದು ಕಂಪನಿ ಬರೆದುಕೊಳ್ಳುವ ವಿವರಣೆ. ಉಳಿದುಬಂದಿರುವ ಆ ಅರ್ಜಿಯ ಕರಡು ಲಿಯೊನಾರ್ಡೊನ ಕೈಬರಹದಲ್ಲಿಲ್ಲ, ಬೇರೆ ಯಾರೋ ಬರೆದುಕೊಟ್ಟಿರಬೇಕು ಎಂಬುದು ವಿದ್ವಾಂಸರ ಅಭಿಪ್ರಾಯ; ಆದ್ದರಿಂದ ಮಿಲಾನಿನಲ್ಲೂ ಒಬ್ಬ ಅಣ್ಣ ಇದ್ದನೆಂದು ಊಹಿಸಲು ಅಡ್ಡಿಯಿಲ್ಲ. ಇನ್ನು ಕನ್ನಡ ನೆಲದ ಮಾತಾದರೆ, ಐಹೊಳೆಯ ಮೇಗುತಿ ದೇವಾಲಯದಲ್ಲಿ 634ರಲ್ಲಿ ರವಿಕೀರ್ತಿ ಬರೆದ ಶಾಸನ ಇಮ್ಮಡಿ ಪುಲಕೇಶಿ ಹರ್ಷವರ್ಧನನನ್ನು ಸೋಲಿಸಿದ ಸಾಧನೆಯನ್ನು ಗೆದ್ದವನ ಹೆಸರು, ಸೋತವನ ಹೆಸರು ಸಮೇತ ದಾಖಲಿಸಿ, ಕೊನೆಯಲ್ಲಿ ಬರೆದವನು ಕಾಳಿದಾಸ ಭಾರವಿಯರ ಕೀರ್ತಿಯನ್ನು ಪಡೆದವನು ಎಂದೂ ಹೇಳಿಕೊಳ್ಳುತ್ತದೆ. ಹೋಲಿಸಲಾದ ಇಬ್ಬರನ್ನೂ ಫೋನ್ ಮಾಡಿ ವಿಚಾರಿಸುವ ಏರ್ಪಾಡು ಆಗ ಇರಲಿಲ್ಲವಾದ್ದರಿಂದ ಆ ಸಾಲು ಇಂದಿಗೂ ಕಲ್ಲಿನಲ್ಲಿ ಉಳಿದಿದೆ.

ಅಣ್ಣನ ಕಾರ್ಯಕ್ಷೇತ್ರ ಪಿ.ಜಿ.ಯ ಊಟದ ಹಾಲ್. ಕಾಲ, ರಾತ್ರಿ ಒಂಬತ್ತೂವರೆಯ ನಂತರ. 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗದ ಮೆಟ್ರೊ ಓಡತೊಡಗುವ ಮುನ್ನ ಈ ಕಾರ್ಯದ ಒಂದು ಪಾಲು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಸಿಕ್ಕಿ ನಿಂತ ಬಸ್ಸಿನೊಳಗೇ ನಡೆಯುತ್ತಿತ್ತು, ಮತ್ತು ಎರಡು ಪುಟದ ರೆಸ್ಯೂಮನ್ನು ಒಂದು ಪುಟಕ್ಕೆ ಇಳಿಸಲು ಅಲ್ಲಿ ಸಿಗುತ್ತಿದ್ದ ಅವಕಾಶ ಬೇರೆಲ್ಲೂ ಸಿಗದು. ಹಾಲ್‌ನಲ್ಲಿ ಸ್ಟೀಲ್ ಮೇಜಿನ ಮೇಲೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಸಾಂಬಾರು ತಾಗದಂತೆ ಎಡಗೈಯಲ್ಲಿ ಹಾಳೆ ಹಿಡಿದು, ಆತ ಓದತೊಡಗುವುದು ಕೆಳಗಿನಿಂದ ಮೇಲಕ್ಕೆ. ಕೆಳಗಿರುವುದು ‘ಮೇಲ್ಕಂಡ ವಿವರಗಳೆಲ್ಲ ಸತ್ಯ’ ಎಂದು ಪ್ರಮಾಣ ಮಾಡುವ ಡಿಕ್ಲರೇಷನ್.

“ಅಣ್ಣಾ, ಇದೊಂಚೂರು ನೋಡಿಕೊಡಿ.”

“ಏನಪ್ಪ ಇದು, ಹಾಬಿ ಅಂತ ಸ್ಟಾಂಪ್ ಕಲೆಕ್ಷನ್ ಹಾಕಿದೀಯ? ಯಾವತ್ತಾದ್ರೂ ಸ್ಟಾಂಪ್ ನೋಡಿದೀಯ?”

“ಅದು ಸೀನಿಯರ್ ಕೊಟ್ಟ ಫಾರ್ಮ್ಯಾಟಲ್ಲೇ ಇತ್ತು ಅಣ್ಣ.”

“ಅವನಿಗ್ಯಾರು ಕೊಟ್ಟಿದ್ದು?”

“ಅವನ ಸೀನಿಯರ್.”

ಹಸ್ತಪ್ರತಿ ಶಾಸ್ತ್ರವೆಂಬ ವಿದ್ಯೆಯಲ್ಲಿ, ಹಲವು ಓಲೆಪ್ರತಿಗಳಲ್ಲಿ ಒಂದೇ ತಪ್ಪು ಮರುಕಳಿಸಿದರೆ ಅವೆಲ್ಲ ಒಂದೇ ಮೂಲದಿಂದ ಇಳಿದುಬಂದವೆಂದು ನಿರ್ಣಯಿಸುವ ಕ್ರಮವಿದೆ. ಅಣ್ಣನೂ ಹಾಗೆಯೇ, ‘ಡಿಕ್ಲರೇಷನ್’ ಪದದ ಕಾಗುಣಿತ ಎಲ್ಲಿ ಕೆಟ್ಟಿದೆ ಎಂಬುದೊಂದನ್ನೇ ನೋಡಿ, ಈ ಪ್ರತಿ ತುಮಕೂರಿನ ಕಾಲೇಜಿನದೋ ಹಾಸನದ ಕಾಲೇಜಿನದೋ ಎಂದು ಹೇಳಬಲ್ಲ. ನಾಲ್ಕು ಸಾಲಿನ ‘ಕರಿಯರ್ ಆಬ್ಜೆಕ್ಟಿವ್’ ಎಂಬ ಮಂಗಳಶ್ಲೋಕ, ಅಂದರೆ ಸವಾಲಿನ ವಾತಾವರಣದಲ್ಲಿ ದುಡಿದು ಸಂಸ್ಥೆಯನ್ನೂ ತನ್ನನ್ನೂ ಬೆಳೆಸುವ ಆಸೆ ತನಗಿದೆ ಎಂಬ ಘೋಷಣೆ, ಒಂದೇ ಗೀಟಿಗೆ ಹೋಗುತ್ತದೆ. ‘ಕೂಲ್ ಬಾಯ್’ ಎಂದು ಶುರುವಾಗುವ ಇಮೇಲ್ ವಿಳಾಸ ಹೋಗುತ್ತದೆ. ಜಾವಾ ಭಾಷೆಯ ಜ್ಞಾನ ಶೇಕಡಾ 80 ಎಂದು ತೋರಿಸುವ ಬಣ್ಣದ ಪಟ್ಟಿಯೂ, ಉಳಿದ ಇಪ್ಪತ್ತು ಯಾರ ಹತ್ತಿರ ಇದೆ ಎಂಬ ಪ್ರಶ್ನೆಯ ಜೊತೆಗೆ, ಹೋಗುತ್ತದೆ. ಕ್ರಿಯಾಪದಗಳ ವಿಷಯದಲ್ಲಿ ಆತ ಪಾಣಿನಿಯಷ್ಟೇ ನಿಷ್ಠುರ: ‘ಮಾಡಿದೆ’ ಎಂದಿದ್ದಲ್ಲಿ ‘ಡ್ರೈವ್ ಮಾಡಿದೆ’ ಎಂದಾಗಬೇಕು, ‘ಇದ್ದೆ’ ಎಂದಿದ್ದಲ್ಲಿ ‘ಲೀಡ್ ಮಾಡಿದೆ’ ಎಂದಾಗಬೇಕು. ತನಗೆ ಲೈಸೆನ್ಸೇ ಇಲ್ಲವೆಂದು ಅಳುಕುವ ಹುಡುಗರಿಗೆ ಈ ಡ್ರೈವ್ ಬೇರೆ ಎಂದು ಬಿಡಿಸಿ ಹೇಳಬೇಕಾಗುತ್ತದೆ.

ಇಷ್ಟರಿಂದ ಅಣ್ಣ ಬರಿಯ ಪದಗಳ ಬಡಾಯಿಗಾರನೆಂದು ತೀರ್ಮಾನಿಸಿದರೆ ಅದು ಅವಸರದ ತೀರ್ಮಾನವಾದೀತು. ಆತನ ನಿಜವಾದ ಕಸುಬು ಕಾಣುವುದು ಹಾಳೆಯಲ್ಲಿ ಖಾಲಿ ಬಿಟ್ಟಿರುವ ಕಡೆ. ಶಿರಾ ಕಡೆಯ ಎಲೆಕ್ಟ್ರಿಕಲ್ ಡಿಪ್ಲೊಮಾ ಹುಡುಗನೊಬ್ಬನ ರೆಸ್ಯೂಮಿನಲ್ಲಿ ಓದು ಮುಗಿದ ಮೇಲಿನ ಎರಡು ವರ್ಷದ ಲೆಕ್ಕವೇ ಇಲ್ಲದಿದ್ದರೆ ಆತ ಹಪ್ಪಳ ಮುರಿಯುವುದನ್ನು ನಿಲ್ಲಿಸುತ್ತಾನೆ.

“ಎರಡು ವರ್ಷ ಏನ್ಮಾಡ್ತಿದ್ದೆ?”

“ಸುಮ್ನೆ ಊರಲ್ಲಿದ್ದೆ ಅಣ್ಣ.”

“ಸುಮ್ನೆ ಅಂದ್ರೆ?”

“ಅಪ್ಪಂದು ಮೋಟಾರ್ ರಿವೈಂಡಿಂಗ್ ಅಂಗಡಿ. ಅಲ್ಲೇ ಇರ್ತಿದ್ದೆ.”

“ದಿನಕ್ಕೆಷ್ಟು ಮೋಟಾರ್ ಬರ್ತಿದ್ವು?”

“ಬೇಸಿಗೇಲಿ ಎರಡು ಮೂರು. ಬೋರಲ್ಲಿ ನೀರು ಇಳಿದು ಸುಟ್ಟೋಗ್ತವಲ್ಲ. ಐದು ಎಚ್.ಪಿ., ಏಳೂವರೆ, ಹತ್ತೂ ಬರ್ತಿದ್ವು.”

“ವೈಂಡಿಂಗ್ ಯಾರು ಮಾಡ್ತಿದ್ದಿದ್ದು?”

“ಅಪ್ಪಂಗೆ ಕಣ್ಣು ಮಂಜು. ಸುತ್ತು ಎಣಿಸೋದು, ಹಾಕೋದು ನಾನೇ. ಅದನ್ನೆಲ್ಲ ಬರೀತಾರಾ ಅಣ್ಣ?”

ಅಣ್ಣ ಆಗ ಹಾಳೆಯನ್ನು ಮಗುಚಿ, ಹಿಂಬದಿಯ ಖಾಲಿ ಜಾಗದಲ್ಲಿ, ತ್ರೀ-ಫೇಸ್ ಸಬ್‌ಮರ್ಸಿಬಲ್ ಮೋಟಾರ್ ರಿವೈಂಡಿಂಗ್, 5ರಿಂದ 10 ಎಚ್.ಪಿ., ಎರಡು ವರ್ಷ, ಬೇಸಿಗೆಯಲ್ಲಿ ದಿನಕ್ಕೆ ಎರಡು ಮೂರು, ಎಂದು ದಪ್ಪ ಅಕ್ಷರದಲ್ಲಿ ಬರೆದು, ಇದು ಎಲ್ಲಕ್ಕಿಂತ ಮೇಲೆ ಬರಬೇಕೆಂದು ಬಾಣದ ಗುರುತು ಹಾಕುತ್ತಾನೆ. ಇಲ್ಲಿ ‘ಡ್ರೈವ್’ ಇಲ್ಲ, ‘ಲೀಡ್’ ಇಲ್ಲ, ಪಾಣಿನಿಯೂ ಇಲ್ಲ. ರೆಸ್ಯೂಮ್ ಬರೆಯುವವರಲ್ಲಿ ಬಹುಪಾಲು ಜನ ತಾವು ಮಾಡದ್ದನ್ನು ಬರೆಯಲು ಪದ ಹುಡುಕುತ್ತಾ, ಮಾಡಿದ್ದನ್ನು ಬರೆಯಲು ನಾಚಿಕೊಂಡು ಬಿಟ್ಟಿರುತ್ತಾರೆ ಎಂಬುದು ಅಣ್ಣನಿಗೆ ಅನುಭವದಿಂದ ತಿಳಿದಿದೆ, ‘ಸುಮ್ನೆ ಅಂದ್ರೆ?’ ಎಂದು ಕೇಳುವವರು ಮಾತ್ರ ಅವರಿಗೆ ಸಿಕ್ಕಿರುವುದಿಲ್ಲ.

ಪೀಣ್ಯದ ಅಣ್ಣ ಇದೇ ಪ್ರಭೇದದ ಮಿತಭಾಷಿ ಶಾಖೆ. ಅಲ್ಲಿ ಐ.ಟಿ.ಐ. ಮುಗಿಸಿದ ಟರ್ನರ್, ಮೆಷಿನಿಸ್ಟ್ ಹುಡುಗರ ಬಯೋಡೇಟಾ ನಾಲ್ಕು ಮಡಿಕೆಯಾಗಿ ಅಂಗಿ ಜೇಬಿನಲ್ಲಿರುತ್ತದೆ, ಮತ್ತು ಅದರಲ್ಲಿ ಇರಬೇಕಾದದ್ದು ಯಾವ ಯಂತ್ರ, ಅದರ ಕಂಪ್ಯೂಟರ್ ಕಂಟ್ರೋಲ್ ಫ್ಯಾನಕ್ ಕಂಪನಿಯದೋ ಸೀಮೆನ್ಸ್ ಕಂಪನಿಯದೋ, ಬರೀ ಆಪರೇಟರೋ ಸೆಟ್ಟಿಂಗೂ ಬರುತ್ತದೋ, ನೈಟ್ ಶಿಫ್ಟ್ ಆಗುತ್ತದೋ ಎಂಬಷ್ಟೇ. ಸೆಟ್ಟಿಂಗ್ ಎಂದರೆ ಹೊಸ ಬಿಡಿಭಾಗದ ಡ್ರಾಯಿಂಗ್ ಓದಿ, ಉಳಿ ಮತ್ತು ಅಳತೆಗಳನ್ನು ಯಂತ್ರಕ್ಕೆ ಹೊಂದಿಸಿ, ಮೊದಲ ಪೀಸ್ ಸರಿಯಾಗಿ ತೆಗೆಯುವ ಕೆಲಸ. ಸೂಪರ್‌ವೈಸರ್ ಹಾಳೆಯ ಮೇಲೆ ಕಣ್ಣಾಡಿಸಿ, ಹುಡುಗನನ್ನು ನೇರ ಯಂತ್ರದ ಮುಂದೆ ನಿಲ್ಲಿಸಿ, ಬಂದ ಪೀಸನ್ನು ಮೈಕ್ರೋಮೀಟರಿಗೆ ಹಿಡಿಯುತ್ತಾನೆ. ಒಂದು ಮಿಲಿಮೀಟರಿನ ನೂರನೇ ಒಂದು ಪಾಲನ್ನು ತೋರಿಸುವ ಆ ಉಪಕರಣಕ್ಕೆ ವಿಶೇಷಣಗಳು ಅರ್ಥವಾಗುವುದಿಲ್ಲ.

ವೈಟ್‌ಫೀಲ್ಡ್ ಕಡೆ ಮೈಕ್ರೋಮೀಟರಿನ ಸ್ಥಾನದಲ್ಲಿ ಎ.ಟಿ.ಎಸ್. ಇದೆ, ಅಂದರೆ ಸಾವಿರಗಟ್ಟಲೆ ಅರ್ಜಿಗಳನ್ನು ಮನುಷ್ಯರು ನೋಡುವ ಮೊದಲೇ ಓದಿ ವಿಂಗಡಿಸುವ ತಂತ್ರಾಂಶ. ಎರಡು ಕಾಲಂ, ಚಿತ್ರದೊಳಗಿನ ಅಕ್ಷರ, ಅಲಂಕಾರದ ಚೌಕ ಇವುಗಳ ಮುಂದೆ ಅದು ತಬ್ಬಿಬ್ಬಾಗುವ ಸಂಭವವುಂಟು, ಜೆ.ಡಿ.ಯಲ್ಲಿರುವ ಪದ ರೆಸ್ಯೂಮಿನಲ್ಲೂ ಅದೇ ರೂಪದಲ್ಲಿ ಕಂಡರೆ ಅದಕ್ಕೆ ಹಿತ. ಅದಕ್ಕಾಗಿ ಅಣ್ಣ ಸಾದಾ ಅಕ್ಷರ, ಒಂದೇ ಕಾಲಂ, ಒಂದೇ ಪುಟ ಎಂಬ ವ್ರತ ವಿಧಿಸುತ್ತಾನೆ. ಇನ್ನೊಂದು ವ್ರತವೂ ಇದೆ: ದಿನಾ ಬೆಳಗ್ಗೆ ಎದ್ದು ನೌಕರಿ ಡಾಟ್ ಕಾಮ್‌ನ ತನ್ನ ವಿವರದಲ್ಲಿ ಒಂದು ಪೂರ್ಣವಿರಾಮ ಅಳಿಸಿ, ಪುನಃ ಹಾಕಿ, ಸೇವ್ ಮಾಡುವುದು, ಹೀಗೆ ಮಾಡಿದರೆ ಹೆಸರು ಪಟ್ಟಿಯ ಮೇಲಕ್ಕೆ ಬರುತ್ತದೆಂಬ ನಂಬಿಕೆ ಈ ಸೀಮೆಗಳಲ್ಲಿ ಸಂಧ್ಯಾವಂದನೆಗಿಂತ ಶ್ರದ್ಧೆಯಿಂದ ಪಾಲನೆಯಾಗುತ್ತಿದೆ.

ಕಂಬಗಳಿಗೆ ಚೀಟಿ ಅಂಟಿಸಿ, ಇಲ್ಲದ ಕಂಪನಿಯ ಮೂರು ವರ್ಷದ ಅನುಭವ ಪತ್ರವನ್ನು ದುಡ್ಡಿಗೆ ಮಾರುವವರನ್ನು ಕಂಡರೆ ಮಾತ್ರ ಅಣ್ಣನಿಗೆ ಆಗದು. ಶಬ್ದ ಉಬ್ಬಿಸು, ತಿಂಗಳು ಉಬ್ಬಿಸಬೇಡ ಎಂಬುದು ಆತನ ಧರ್ಮಶಾಸ್ತ್ರದ ಏಕೈಕ ಸೂತ್ರ. 2014ರಲ್ಲಿ ಭವಿಷ್ಯನಿಧಿಗೆ ಯು.ಎ.ಎನ್. ಎಂಬ ಒಂದೇ ಶಾಶ್ವತ ಸಂಖ್ಯೆ ಬಂದಂದಿನಿಂದ ಯಾರು ಯಾವ ತಿಂಗಳು ಎಲ್ಲಿ ಸಂಬಳ ಪಡೆದರೆಂಬುದು ಪಿ.ಎಫ್. ಪಾಸ್‌ಬುಕ್ಕಿನಲ್ಲೇ ಸಿಗುವುದರಿಂದ, ಈ ಸೂತ್ರಕ್ಕೆ ಧರ್ಮಭೀತಿಯಷ್ಟೇ ಪಿ.ಎಫ್. ಭೀತಿಯೂ ಕಾರಣವಾಗಿದೆ.

ಹೀಗೆ ಈತ ತಿದ್ದಿದ ಹಾಳೆ ಹಿಡಿದು ಹೋದವರು ಒಬ್ಬೊಬ್ಬರೇ ಕೆಲಸ ಸಿಕ್ಕು ಪಿ.ಜಿ. ಖಾಲಿ ಮಾಡುತ್ತಾರೆ, ಹೋಗುವಾಗ ಬಕೆಟ್ ಮತ್ತು ಇಸ್ತ್ರಿ ಪೆಟ್ಟಿಗೆಯನ್ನು ಅಣ್ಣನಿಗೆ ಬಿಟ್ಟುಹೋಗುತ್ತಾರೆ. ಆತನ ಮಂಚದ ಕೆಳಗೆ ಈಗ ಏಳು ಬಕೆಟ್‌ಗಳಿವೆ. ಆತನದ್ದೇ ರೆಸ್ಯೂಮ್ ಲ್ಯಾಪ್‌ಟಾಪಿನ ಡೆಸ್ಕ್‌ಟಾಪ್ ಮೇಲೆ ‘ಫೈನಲ್’, ‘ಫೈನಲ್ ಹೊಸದು’, ‘ಫೈನಲ್ ಹೊಸದು 14’ ಎಂಬ ಹೆಸರುಗಳಲ್ಲಿ ಬೀಡುಬಿಟ್ಟಿದೆ. ಹನ್ನೊಂದು ವರ್ಷ ಒಂದೇ ಕಂಪನಿಯಲ್ಲಿ ಏನು ಮಾಡಿದೆ ಎಂಬ ಜಾಗದಲ್ಲಿ ಕರ್ಸರ್ ಮಿನುಗುತ್ತಿರುತ್ತದೆ. ಆತನ ಉತ್ತರ, ಆ ಶಿರಾ ಹುಡುಗನದ್ದೇ: ಸುಮ್ನೆ ಇದ್ದೆ.

ಈ ಭಾಗದಲ್ಲಿ ಕೆಲಸ ಹುಡುಕುತ್ತಿರುವ ಓದುಗರು ಹತ್ತಿರದ ಪಿ.ಜಿ.ಯಲ್ಲಿ ವಿಚಾರಿಸಿದರೆ ಅಣ್ಣನ ರೂಮ್ ನಂಬರನ್ನು ಅಡುಗೆಯವರೇ ಹೇಳುತ್ತಾರೆ. ಶುಲ್ಕವಿಲ್ಲ, ಒಂದು ಟೀ ಸಾಕು. ಹಾಳೆಯ ಹಿಂಬದಿ ಖಾಲಿ ಇರಲಿ. ಭಾನುವಾರ ಬೆಳಗ್ಗೆ ಮಾತ್ರ ಹೋಗಬಾರದು, ಆ ಹೊತ್ತಿಗೆ ಆತ ತನ್ನದನ್ನು ತಿದ್ದುತ್ತಿರುತ್ತಾನೆ.