ನಿರ್ವ್ಯಾಪಾರ ಸಂಖ್ಯಾ ಮೀಮಾಂಸೆ

ಮಹಾಲಿಂಗೇಶ್ವರನನ್ನು ನೆನೆದು, ಮಹಾಲಿಂಗಪುರದ ಬೆಲ್ಲದ ಪೇಟೆಗೆ ಕೈಮುಗಿದು, ವ್ಯಾಪಾರ ಮಾಡದವರ ಹಿತಕ್ಕಾಗಿ ಈ ಶಾಸ್ತ್ರವನ್ನು ಆರಂಭಿಸುತ್ತೇನೆ. ಮಾಡುವವರಿಗೆ ಲೆಕ್ಕಿಗರಿದ್ದಾರೆ, ಮಾಡದವರಿಗೆ ದಿಕ್ಕಿಲ್ಲ.

ಲಕ್ಷಣ: ಹದಿನೈದು ಅಕ್ಷರಗಳುಳ್ಳದ್ದು ಜಿಎಸ್‌ಟಿ ನಂಬರು. ಮೊದಲಿನ 29 ಕರ್ನಾಟಕದ ಗೋತ್ರ. ಮುಂದಿನ ಹತ್ತು ಮಾಲೀಕನ ಪ್ಯಾನ್, ಅಂದರೆ ಬಿಟ್ಟರೂ ಬಿಡದ ಪೂರ್ವಕರ್ಮ. ಹದಿಮೂರನೆಯದು ಆ ಪ್ಯಾನಿಗೆ ರಾಜ್ಯದಲ್ಲಿ ಇದು ಎಷ್ಟನೆಯ ನೋಂದಣಿ ಎಂಬುದರ ಗುರುತು. ಹದಿನೈದನೆಯದು ತಾಳೆ ನೋಡುವ ಅಕ್ಷರ. ನಡುವಿನ ಹದಿನಾಲ್ಕನೆಯದು ಸಾಮಾನ್ಯವಾಗಿ ಎಲ್ಲರಿಗೂ ‘ಝಡ್’. ಏನೂ ಮಾಡದೆ ಸಾಲಿನಲ್ಲಿ ಕೂತ ಈ ಅಕ್ಷರವೇ ನಮ್ಮ ಕಥಾನಾಯಕನ ಕುಲದೈವ.

ವಿಷಯ: ಬಿಡಿ ಬೆಲ್ಲದ ಪೆಂಟಿಗೆ ತೆರಿಗೆಯಿಲ್ಲ, ಅದನ್ನಷ್ಟೇ ಮಾರುವವನಿಗೆ ನಂಬರೂ ಬೇಕಿಲ್ಲ. 2022ರ ಜುಲೈ 18ರಿಂದ ಚೀಟಿ ಹಚ್ಚಿ ಪ್ಯಾಕು ಮಾಡಿದ ಬೆಲ್ಲಕ್ಕೆ ಮಾತ್ರ ಶೇ. 5. ನಮ್ಮ ಓಣಿಯ ಮಿತ್ರರೊಬ್ಬರು ಪ್ಯಾಕು ಮಾಡಿಯೇ ಮಾರುವೆನೆಂದು ನಂಬರು ಪಡೆದರು, ಬಾಗಿಲಿಗೆ ಬೋರ್ಡು ಹಾಕಿದರು, ಪೇಢೆ ಹಂಚಿದರು. ಬೆಲ್ಲವೊಂದು ಬರಲಿಲ್ಲ.

ಸಂಶಯ: ಇಲ್ಲದ ವ್ಯಾಪಾರಕ್ಕೆ ಲೆಕ್ಕ ಉಂಟೋ ಇಲ್ಲವೋ?

ಪೂರ್ವಪಕ್ಷ: “ಯಾಪಾರನ ಮಾಡಿಲ್ಲಂದ್ರ ಲೆಕ್ಕ ಎಲ್ಲೀದ್ರಿ? ಬಿದ್ದಿರ್ಲಿ ಬಿಡ್ರಿ ನಂಬರ. ಅದೇನ್ ರೊಟ್ಟಿ ಕೇಳತೈತೇನು?” ಇದು ಚಹಾದಂಗಡಿ ಸಂಪ್ರದಾಯದ ಆಚಾರ್ಯರ ಮತ.

ಖಂಡನೆ: ನಂಬರು ರೊಟ್ಟಿ ಕೇಳುವುದಿಲ್ಲ, ನಿಜ. ‘ನಾನು ಉಂಡಿಲ್ಲ’ ಎಂದು ತಿಂಗಳು ತಿಂಗಳು ಬರೆದುಕೊಡು ಎನ್ನುತ್ತದೆ. ಇದಕ್ಕೇ ‘ನಿಲ್ ರಿಟರ್ನ್’ ಎಂದು ಹೆಸರು. ಇಲ್ಲಿ ಪಂಡಿತರೂ ಎಡವುತ್ತಾರೆ. ಹಳಗನ್ನಡದಲ್ಲಿ ‘ನಿಲ್’ ಎಂದರೆ ನಿಲ್ಲು. ಮಿತ್ರರು ಆ ಅರ್ಥವನ್ನೇ ಹಿಡಿದು ನಿಂತರು. ತೆರಿಗೆಯ ‘ನಿಲ್’ ಮಾತ್ರ ನಿಲ್ಲುವುದೇ ಇಲ್ಲ. ತಿಂಗಳ ರಿಟರ್ನಿನವರು ಮುಂದಿನ ತಿಂಗಳ 20ರೊಳಗೆ ಜಿಎಸ್‌ಟಿಆರ್-3ಬಿ ಸಲ್ಲಿಸದಿದ್ದರೆ ಶೂನ್ಯಕ್ಕೂ ದಿನಕ್ಕೆ 20 ರೂಪಾಯಿ ದಂಡ, 500ರ ಮಿತಿಯವರೆಗೆ. ಇಪ್ಪತ್ತೈದು ದಿನಕ್ಕೆ ಮಿತಿ ತುಂಬುತ್ತದೆ. ಆರು ತಿಂಗಳಿಗೆ 3,000. ಶೂನ್ಯಕ್ಕೆ ಬೆಲೆ ಕಟ್ಟಿದವರು ನಮ್ಮ ಗಣಿತಜ್ಞರೆಂದು ಓದಿದ್ದೆ. ದರಪಟ್ಟಿ ಕಂಡದ್ದು ಈಗಲೇ.

ಸತತ ಆರು ತಿಂಗಳು ಮೌನವಾಗಿದ್ದರೆ ಅಧಿಕಾರಿಯೇ ನೋಟಿಸು ಕೊಟ್ಟು ನೋಂದಣಿ ರದ್ದು ಮಾಡಬಹುದು. ‘ಹಾಗಾದರೆ ತಾನಾಗಿ ಸಾಯಲಿ’ ಎನ್ನುವುದು ಉಪಪೂರ್ವಪಕ್ಷ. ಅದೂ ಸಲ್ಲದು. ರದ್ದಾದರೂ ಬಾಕಿ ಸಾಯುವುದಿಲ್ಲ. ಅದು ಅದೇ ಪ್ಯಾನಿನ ಬೆನ್ನಿಗಿರುತ್ತದೆ.

ಸಿದ್ಧಾಂತ: ಇಟ್ಟುಕೊಳ್ಳುವುದಾದರೆ ನಿತ್ಯಕರ್ಮ, ಬಿಡುವುದಾದರೆ ಅಂತ್ಯಕರ್ಮ. ನಿತ್ಯಕರ್ಮ ಸುಲಭ: ಏನೂ ಮಾಡದ ತಿಂಗಳಿಗೆ ನೋಂದಾಯಿತ ಮೊಬೈಲಿನಿಂದ 14409ಕ್ಕೆ ಒಂದು ಎಸ್ಸೆಮ್ಮೆಸ್ಸು, ಬಂದ ಕೋಡು ಹಾಕಿ ಖಾತ್ರಿಗೆ ಇನ್ನೊಂದು. 2020ರ ಜೂನ್‌ನಿಂದ ಈ ಸೌಕರ್ಯವಿದೆ. ಆ ಮೊಬೈಲು ನಂಬರು ನಿಮ್ಮದೋ, ಅರ್ಜಿ ತುಂಬಿದವನದೋ ಎಂಬುದನ್ನು ಮೊದಲು ನೋಡಿಕೊಳ್ಳಿ. ಮಿತ್ರರ ಓಟಿಪಿಗಳೆಲ್ಲ ಇಂದಿಗೂ ಯಾರದೋ ಜೇಬಿನಲ್ಲಿ ಗುಣುಗುಟ್ಟುತ್ತಿವೆ.

ಅಂತ್ಯಕರ್ಮಕ್ಕೆ ಎರಡು ಹಂತ. ಬಾಕಿ ರಿಟರ್ನು ತೀರಿಸಿ ಆರ್‌ಇಜಿ-16ರಲ್ಲಿ ರದ್ದತಿಗೆ ಅರ್ಜಿ. ರದ್ದಾದ ಮೇಲೆ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಎಂಬ ಕೊನೆಯ ರಿಟರ್ನು. ಮಣ್ಣು ಮಾಡಿ ದಿನ ಮಾಡುವುದನ್ನು ಮರೆತವರಂತೆ ಅನೇಕರು ಈ ಎರಡನೆಯದನ್ನು ಬಿಡುತ್ತಾರೆ.

ಫಲಶ್ರುತಿ: ಇದನ್ನು ಓದಿದವರಿಗೆ ಪುಣ್ಯವೇನೂ ಬರುವುದಿಲ್ಲ. ಓದಿ, ಈ ತಿಂಗಳ 20ರೊಳಗೆ ಎರಡರಲ್ಲೊಂದು ಮಾಡಿದವರಿಗೆ 500 ರೂಪಾಯಿ ಉಳಿಯುತ್ತದೆ.