ಚೌಕಾಸಿ ಫೋರ್‌ಮನ್

ಯಾವ ರೈಸ್ ಮಿಲ್ಲಿಗಾದರೂ ಹೋಗಿ, ಪೀಣ್ಯದ ಯಾವ ಶೆಡ್ಡಿಗಾದರೂ ಹೋಗಿ, ಫೋರ್‌ಮನ್ನಣ್ಣ ಒಬ್ಬ ಇದ್ದೇ ಇರುತ್ತಾನೆ. ಜೇಬಿನಲ್ಲಿ ಪೆನ್ನಿರಬೇಕಾದ ಕಡೆ ಟೆಸ್ಟರ್, ಬಾಯಲ್ಲಿ ಎಲೆಅಡಿಕೆ. ನಾವು ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡಿದರೆ, ಅವನದು ಅರ್ತ್ ಫಾಲ್ಟ್ ರಿಲೇ ಜೊತೆ.

ರಿಲೇ ಪಾಪದ್ದು. ಮೋಟಾರಿಗೆ ಹೋಗುವ ಮೂರೂ ಫೇಸನ್ನು ಒಂದೇ ಬಳೆಯೊಳಗೆ ಹಾಯಿಸಿರುತ್ತಾರೆ. ಸಿಬಿಸಿಟಿ ಅಂತ ಅದರ ಹೆಸರು. ಮೂರರ ಕರೆಂಟು ಕೂಡಿದರೆ ಸೊನ್ನೆ ಬರಬೇಕು. ಬರಲಿಲ್ಲವೋ, ಎಲ್ಲೋ ಭೂಮಿಗೆ ಸೋರುತ್ತಿದೆ ಎಂದೇ ಲೆಕ್ಕ; ಸೋರಿಕೆ ಇಟ್ಟ ಮಿತಿ ದಾಟಿದರೆ ರಿಲೇ ಬಿದ್ದು ಮೋಟಾರು ನಿಲ್ಲಿಸುತ್ತದೆ. ನಾನು ಬಲ್ಲ ಮಿಲ್ಲಿನಲ್ಲಿ ಇಂಜಿನಿಯರ್ 300 ಮಿಲಿಯಾಂಪಿಗೆ ಇಟ್ಟು ಹೋಗಿದ್ದರು. ಮೊದಲ ಮಳೆಗೇ ವೈಂಡಿಂಗ್ ತೇವ ಕುಡಿಯಿತು, ರಿಲೇ ಬಿತ್ತು. 'ಮಿಲ್ ನಿಂತ್ರೆ ಅಕ್ಕಿ ನಿಮ್ಮಪ್ಪ ಕೊಡ್ತಾನಾ?' ಅಂದರು ಮಾಲೀಕರು. ಫೋರ್‌ಮನ್ನಣ್ಣ ಇನ್ಸುಲೇಷನ್ ಅಳೆಯುವ ಮೆಗ್ಗರ್ ತೆಗೆಯಲಿಲ್ಲ, ಸ್ಕ್ರೂಡ್ರೈವರ್ ತೆಗೆದ. 300 ಹೋಗಿ 500. ಶ್ರಾವಣಕ್ಕೆ 1 ಆಂಪಿಯರ್. ದೀಪಾವಳಿಗೆ 3.

ಕೇಳಿದರೆ ಉತ್ತರ ನಾಲಿಗೆ ತುದಿಯಲ್ಲೇ ಇತ್ತು. 'ಸ್ಟಾರ್ಟಿಂಗ್ ಕರೆಂಟ್ ಸಾರ್. ಡಿಓಎಲ್ ಮೋಟಾರು, ಆರು ಪಟ್ಟು ಎಳೆಯುತ್ತೆ. ಕೇಬಲ್ ಬಳೆಯ ನಟ್ಟನಡುವೆ ಇಲ್ಲದಿದ್ರೆ ರಿಲೇಗೆ ಇಲ್ಲದ ಸೋರಿಕೆ ಕಾಣುತ್ತೆ.' ಅಪ್ಪಟ ನಿಜ. ಅರೆಕ್ಷಣ ತಾಳಿಕೋ ಎನ್ನಲೆಂದೇ ಪಕ್ಕದಲ್ಲಿ ಡಿಲೇ ಅನ್ನುವ ಇನ್ನೊಂದು ತಿರುಪಿದೆ. ಆದರೆ ಈ ಮೋಟಾರು ಬೆಳಿಗ್ಗೆ 6ಕ್ಕೆ ಶುರುವಾಗಿ ಟ್ರಿಪ್ ಆದದ್ದು ಮಧ್ಯಾಹ್ನ 2ಕ್ಕೆ. ಎಂಟು ಗಂಟೆ ಸ್ಟಾರ್ಟ್ ಆಗುವ ಮೋಟಾರನ್ನು ನಾನು ನೋಡಿದ್ದು ಅಲ್ಲೇ.

ಮುಂದಿನ ಮಳೆಗಾಲ ರಿಲೇ ಚೌಕಾಸಿಗೂ ಬಗ್ಗಲಿಲ್ಲ. ಅಣ್ಣ ಹಸಿರು ಅರ್ತ್ ವೈರನ್ನೂ ಅದೇ ಬಳೆಯೊಳಗೆ ತೂರಿಸಿಬಿಟ್ಟ. ಸೋರಿದ್ದರಲ್ಲಿ ಬಹುಪಾಲು ಆ ವೈರಿನಲ್ಲೇ ವಾಪಸು ಹಾಯುವುದರಿಂದ ಬಳೆಗೆ ಎಲ್ಲ ಸರಿಯಾಗಿಯೇ ಕಂಡಿತು. ಇಂಥ ಜಮಾಖರ್ಚು ಮಿಲ್ಲಿನ ಗುಮಾಸ್ತರಿಗೂ ಬಾರದು. ಅಂದಿನಿಂದ ಒಂದೂ ಟ್ರಿಪ್ ಇಲ್ಲ. ಆಯುಧಪೂಜೆಗೆ ರಿಲೇಗೂ ಕುಂಕುಮ ಬಿತ್ತು. ಇನ್‌ಸ್ಪೆಕ್ಷನ್ನಿಗೆ ಬಂದವರ ಮುಂದೆ ಟೆಸ್ಟ್ ಬಟನ್ ಒತ್ತುತ್ತಾನೆ, ಠಕ್ಕೆಂದು ಬೀಳುತ್ತದೆ. ಬಟನ್ ಒತ್ತಿದರೆ ರಿಲೇ ತನ್ನನ್ನೇ ಕೇಳಿಕೊಳ್ಳುತ್ತದೆ ಹೊರತು ಬಳೆಯೊಳಗೆ ಏನೇನು ತೂರಿದೆ ಎಂದು ನೋಡುವುದಿಲ್ಲವಲ್ಲ! ಬಂದವರು ಸಹಿ ಹಾಕಿ, ಕಾಫಿ ಕುಡಿದು ಹೊರಡುತ್ತಾರೆ. ಫೋರ್‌ಮನ್ನಣ್ಣ ಮಾತ್ರ ಮೋಟಾರಿನ ಮೈ ಮುಟ್ಟುವಾಗ ಒಣಗೋಣಿಯ ಮೇಲೆ ನಿಂತು, ಅಂಗೈ ಅಲ್ಲ, ಕೈಯ ಹಿಂಬದಿ ತಾಗಿಸುತ್ತಾನೆ. ಶಾಕ್ ಹೊಡೆದರೆ ಕೈ ಬಿಗಿಹಿಡಿಯಬಾರದು, ಹಿಂದಕ್ಕೆ ಸೆಳೆಯಬೇಕು, ಗೊತ್ತಿದೆ ಅವನಿಗೆ.

ಹೋದ ತಿಂಗಳು ಅವನ ಮನೆಗೆ ಹೋಗಿದ್ದೆ. ಬಾಗಿಲ ಹಿಂದೆ, ಸೋರಿಕೆ ಕಂಡರೆ ಕರೆಂಟು ಕಡಿಯುವ 30 ಮಿಲಿಯಾಂಪಿನ ಹೊಸ ಆರ್‌ಸಿಸಿಬಿ. ಗೀಸರ್ ಹಾಕಿದ್ದೇ ತಡ, ಮನೆಯೆಲ್ಲ ಕತ್ತಲು.

'ದಿನಾ ಇದೇ ಗೋಳು. ಅದನ್ನ ಕಿತ್ತು ಡೈರೆಕ್ಟ್ ಕೊಟ್ಟುಬಿಡಿ ಅಂದ್ರೆ ಕೇಳಲ್ಲ' ಎಂದರು ಅವನ ಹೆಂಡತಿ.

ಫೋರ್‌ಮನ್ನಣ್ಣ ಹಿತ್ತಿಲಿಗೆ ಹೋಗಿ ಎಲೆಅಡಿಕೆ ಉಗಿದು ಬಂದ. 'ತಲೆ ಕೆಟ್ಟಿದೆಯೇನೇ? ಮಕ್ಕಳು ಸ್ನಾನ ಮಾಡೋ ಜಾಗ!' ಅಂದವನೇ ಟಾರ್ಚು ನನ್ನ ಕೈಗೆ ಕೊಟ್ಟು, ಗೀಸರ್ ಬಿಚ್ಚಲು ಸ್ಟೂಲ್ ಹತ್ತಿದ.